ಅಮ್ಮಾ, ಕರೆಂಟ್ ತಂತಿ ಹೇಳ್ಲಿಲ್ಲ

ಒಗ್ಗರಣೆಯ ತಟ್ಟೆ ಮುಂದಿದೆ, ಕೈ ಹೋಗುತ್ತಿಲ್ಲ. ನೀವು ಬೇರೆ ಸೀಮೆಯವರಾದರೆ ಮೊದಲೇ ಹೇಳಿಬಿಡುತ್ತೇನೆ: ಬಳ್ಳಾರಿಯಲ್ಲಿ ಒಗ್ಗರಣೆ ಎಂದರೆ ಸಾರಿನ ಮೇಲೆ ಚುಂಯ್ ಎನ್ನಿಸುವ ಸಾಸಿವೆಯಲ್ಲ; ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಅರಿಶಿನ, ಪುಠಾಣಿ ಎಂಬ ಹುರಿಗಡಲೆಯ ಹಿಟ್ಟು ಕೂಡಿಸಿ ಮಾಡುವ ಬೆಳಗಿನ ತಿಂಡಿ. ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇಲ್ಲದಿದ್ದರೆ ಅದನ್ನು ಇಲ್ಲಿ ಯಾರೂ ಒಗ್ಗರಣೆ ಎಂದು ಒಪ್ಪುವುದಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಈ ಸಣ್ಣ ಹೋಟೆಲಿನಲ್ಲಿ ನಾನದನ್ನು ತರಿಸಿಕೊಂಡದ್ದು ಹಸಿವಿನಿಂದಲ್ಲ. ಏನೂ ತರಿಸಿಕೊಳ್ಳದೆ ಕೂತರೆ ಗಲ್ಲಾದ ಮೇಲಿನವರು ಒಂದು ಥರ ನೋಡುತ್ತಾರೆ, ಅದಕ್ಕೆ.

ಸಿರುಗುಪ್ಪದ ಬಸ್ಸು ಈಗಷ್ಟೇ ಹೋಯಿತು. ಅದರ ಕಿಟಕಿಯ ಪಕ್ಕದಲ್ಲಿ ನನ್ನ ಮಗಳು ಕೃಪಾ ಇದ್ದಾಳೆ. ಹದಿನಾರು ವರ್ಷದ ಹುಡುಗಿ, ಅಜ್ಜಿಯ ಮನೆಗೆ ಮೊದಲ ಸಲ ಒಬ್ಬಳೇ ಹೊರಟಿದ್ದಾಳೆ. "ಮುಟ್ಟಿದ ಮ್ಯಾಲ ನಾನೇ ಮೆಸೇಜ್ ಹಾಕ್ತೀನಿ. ಅಲ್ಲೀತನ ನೀ ಫೋನ್ ಮಾಡಂಗಿಲ್ಲ" ಎಂದು ಕರಾರು ಮಾಡಿಸಿಕೊಂಡು ಹೋಗಿದ್ದಾಳೆ. ನಾನು ಸೀದಾ ಮನೆಗೆ ಹೋಗಬಹುದಿತ್ತು. ಆದರೆ ಬಸ್ಸಿಗೆ ಏನಾದರೂ ಆದರೆ ಸುದ್ದಿ ಮೊದಲು ಬಸ್ ಸ್ಟ್ಯಾಂಡಿಗೇ ತಾನೆ ಬರುವುದು? ನಗಬೇಡಿ. ಹೀಗೆ ಯೋಚಿಸುವವಳು ಇಡೀ ಬಳ್ಳಾರಿಯಲ್ಲಿ ನಾನೊಬ್ಬಳೇ ಇರಲಿಕ್ಕಿಲ್ಲ. ಬನ್ನಿ, ನೀವೂ ಕೂತುಕೊಳ್ಳಿ. ಮಕ್ಕಳು ದಾರಿಯಲ್ಲಿರುವಾಗ ನನ್ನ ಗಂಟಲಲ್ಲಿ ಏನೂ ಇಳಿಯುವುದಿಲ್ಲ. ಇಳಿದರೂ ಹೊಟ್ಟೆ ಅದನ್ನು ಹಿಡಿದು ತಿರುಚುತ್ತದೆ. ಈ ಹೊಟ್ಟೆಯ ವಿಷಯ ಮುಂದೆ ಬರುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಗ ಯಾರೋ ಒಬ್ಬರು ಒಂದು ಗೋಣಿಚೀಲವನ್ನು ನನ್ನ ಬೆಂಚಿನ ಕೆಳಗೆ ತಳ್ಳಿ ಎದುರಿಗೆ ಕೂತರು. ಚೀಲದಿಂದ ವಾಸನೆ ಎದ್ದಿತು. ಬೇಯಿಸಿ ಒಣಗಿಸಿದ ಭತ್ತದ ವಾಸನೆ: ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಒದ್ದೆ ಮಣ್ಣು. ಸಿರುಗುಪ್ಪದ ರೈಸ್ ಮಿಲ್ಲುಗಳ ಓಣಿಯಲ್ಲಿ ನಡೆದವರಿಗೆ ಅದು ಗೊತ್ತು. ನನಗೆ ಅದು ನನ್ನ ಅತ್ತೆ ರಾಹೇಲಮ್ಮನ ಮನೆಯ ವಾಸನೆ. ಅವರ ಗೋಡೆಯಾಚೆಗೇ ಒಂದು ಮಿಲ್ಲು. ಅವರ ಸೀರೆಗೆ, ತಲೆದಿಂಬಿಗೆ, ಬೈಬಲ್ಲಿನ ಹಾಳೆಗೆ ಎಲ್ಲಕ್ಕೂ ಅದೇ ವಾಸನೆ. ಮೂಗಿಗೆ ಬಡಿದ ಕೂಡಲೇ ನಾನು ಈ ಬೆಂಚಿನಿಂದ ಮನಸ್ಸಿನಲ್ಲೇ ಎದ್ದು ಹೋಗಿ ಅವರೂರಿನ ಕಾಲುವೆಯ ದಂಡೆಯ ಮೇಲೆ ನಿಂತುಬಿಟ್ಟೆ. ಎದುರಿಗೆ ಏಳು ವರ್ಷದ ಕೃಪಾ, ಸೊಂಟಕ್ಕೆ ಹಳೆಯ ಸೀರೆ ಕಟ್ಟಿಸಿಕೊಂಡು.

ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಪ್ರಾರ್ಥನೆಯ ಬಗ್ಗೆ ಹೇಳಬೇಕು. ಅದನ್ನು ಹೇಳದಿದ್ದರೆ ಕಥೆ ನಿಲ್ಲುವುದಿಲ್ಲ.

ನಮ್ಮದು ಕ್ರೈಸ್ತ ಮನೆ. ಸಂಜೆ ದೀಪ ಹಾಕಿದ ಮೇಲೆ ಚಾಪೆ ಹಾಸಿ ಎಲ್ಲರೂ ಕೂತು ಒಂದು ಹಾಡು, ಒಂದು ವಾಕ್ಯ, ಆಮೇಲೆ ಪ್ರಾರ್ಥನೆ. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಇನ್ನೊಂದು. ಊರಿಗೆ ಹೊರಟರೆ ಮತ್ತೊಂದು. ಎಲ್ಲ ಕ್ರೈಸ್ತರ ಮನೆಗಳಲ್ಲೂ ಇದು ಇದೆ, ವಿಶೇಷವೇನಲ್ಲ. ವಿಶೇಷವಿದ್ದದ್ದು ನನ್ನ ವೈಖರಿಯಲ್ಲಿ. ಬೇರೆಯವರು "ಸಕಲ ಆಪತ್ತುಗಳಿಂದ ಕಾಪಾಡು ತಂದೆಯೇ" ಎಂದು ಮುಗಿಸುತ್ತಾರೆ. ನನಗೆ ಆ "ಸಕಲ" ಎಂಬ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಸಕಲ ಎಂದರೆ ಏನೇನು? ನಾನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದೆ. "ತಂದೆಯೇ, ಗ್ಯಾಸ್ ಸೋರದಂತೆ, ಸ್ಟೂಲು ಜಾರದಂತೆ, ಕೃಪಾಳ ಶಾಲೆಯ ವ್ಯಾನಿನ ಬಾಗಿಲು ನಡುದಾರಿಯಲ್ಲಿ ತೆರೆದುಕೊಳ್ಳದಂತೆ, ಅದಿರಿನ ಲಾರಿ ಎದುರಿಗೆ ಬಂದರೆ ನಮ್ಮ ವ್ಯಾನಿನವನಿಗೆ ಕಾಣಿಸುವಂತೆ, ನಮ್ಮ ಸಣ್ಣವ ಸನ್ನಿ ಅಂಗಿಯ ಗುಂಡಿ ನುಂಗದಂತೆ, ಕಡಲೆಬೀಜ ಮೂಗಿಗೆ ಹಾಕಿಕೊಳ್ಳದಂತೆ, ಕರೆಂಟಿನ ತಂತಿ ಕಡಿದು ಬೀಳದಂತೆ..."

ಕರೆಂಟಿನ ತಂತಿ ಬಂದಾಗಲೆಲ್ಲ ನನ್ನ ಗಂಡ ಪ್ರಕಾಶ ಕಣ್ಣು ಮುಚ್ಚಿಕೊಂಡೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವರು ಎಲೆಕ್ಟ್ರಿಷಿಯನ್. ಓಣಿಯ ಅರ್ಧ ಮನೆಗಳ ವೈರಿಂಗು ಅವರದೇ. "ದೇವರ ಮುಂದ ನನ್ನ ಕೆಲಸದ ಮ್ಯಾಲ ಕಂಪ್ಲೇಂಟ್ ಯಾಕ ಕೊಡ್ತಿ?" ಎಂದು ಆಮೆನ್ ಆದಮೇಲೆ ಕೇಳುತ್ತಿದ್ದರು.

ಈ ಬಿಡಿಸಿ ಹೇಳುವ ಚಟ ನನ್ನ ಅವ್ವನಿಂದ ಬಂದದ್ದು. ನಾನು ಸಣ್ಣವಳಿದ್ದಾಗ ಅವ್ವ ಪ್ರತಿ ದಿನ ಬೀದಿನಾಯಿಗಳ ಬಗ್ಗೆ ದೇವರಿಗೆ ಹೇಳುತ್ತಿದ್ದಳು. ಒಂದು ದಿನ ಹಾಲು ಉಕ್ಕುತ್ತಿತ್ತೆಂದು ಅವಸರದಲ್ಲಿ ನಾಯಿ ಬಿಟ್ಟು ಆಮೆನ್ ಅಂದಳು. ಅವತ್ತೇ ನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವ್ವ ಹಣೆ ಬಡಿದುಕೊಂಡು ಅತ್ತದ್ದು ಇನ್ನೂ ಕಿವಿಯಲ್ಲಿದೆ: "ನಾಯಿ ಬಿಟ್ಟುಬಿಟ್ನೆಲ್ಲಬೇ ಇವತ್ತ!" ನನ್ನ ಇಡೀ ದೈವಜ್ಞಾನ ಅವತ್ತು ಆ ಬೆಂಚಿನ ಮೇಲೆ ಗಟ್ಟಿಯಾಯಿತು. ಹೆಸರಿಟ್ಟು ಹೇಳದ ಆಪತ್ತು ದೇವರ ಹೊಣೆಗೆ ಬರುವುದಿಲ್ಲ.

ನಮ್ಮ ಚರ್ಚಿನ ಸಭಾಪಾಲಕರು ಒಮ್ಮೆ ನಯವಾಗಿ ತಿದ್ದಲು ನೋಡಿದರು. "ಟೀಚರಮ್ಮಾರೇ, ದೇವರಿಗೆ ಎಲ್ಲಾ ಗೊತ್ತಿರ್ತೈತಿ. ನೀವು ಅಷ್ಟು ಬಿಡಿಸಿ ಹೇಳ್ಬೇಕಂತಿಲ್ಲ್ರೀ." ಗೊತ್ತಿರುತ್ತದೆ, ಯಾರು ಇಲ್ಲವೆಂದರು? ನಮ್ಮ ಹೆಡ್‌ಮಾಸ್ಟರಿಗೂ ಎಲ್ಲ ಗೊತ್ತಿರುತ್ತದೆ. ಆದರೂ ದಿನಾ ನೆನಪಿಸದಿದ್ದರೆ ಚಾಕ್‌ಪೀಸು ಬರುವುದಿಲ್ಲ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನ ಭಾನುವಾರದ ಪ್ರಸಂಗಕ್ಕೆ ನಾನೇ ವಿಷಯವಾಗುತ್ತಿದ್ದೆ.

ನನ್ನ ಪ್ರಾರ್ಥನೆಗೆ ನಮ್ಮ ಮನೆಯಾಚೆಗೂ ಒಬ್ಬ ಕೇಳುಗರಿದ್ದರು. ಪಕ್ಕದ ಮನೆಯ ಅನಸೂಯಮ್ಮ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮುಂದೆ ಜೀನ್ಸ್ ಹೊಲಿಯುವ ಮೆಷಿನ್ನು. ಅವರ ಕಿಟಕಿ ನಮ್ಮ ಕಿಟಕಿಗೆ ಎದುರು. ಸಂಜೆ ನಾನು ಶುರು ಮಾಡಿದರೆ ಅವರ ಮೆಷಿನ್ನಿನ ಗರ್ ಗರ್ ಮೆಲ್ಲಗಾಗುತ್ತಿತ್ತು. ನನ್ನ ಪ್ರಾರ್ಥನೆ ಅವರಿಗೆ ತೊಂದರೆಯಾಗುತ್ತಿದೆಯೇನೋ ಎಂಬುದು ನನ್ನ ಇನ್ನೊಂದು ಚಿಂತೆಯಾಗಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ಅಯ್ಯ, ತೊಂದ್ರಿ ಎಲ್ಲೀದು ಟೀಚರ್! ನೀವು ಗ್ಯಾಸ್ ಅಂತಿದ್ದಂಗ ನಾನು ಎದ್ದು ಹೋಗಿ ರೆಗ್ಯುಲೇಟರ್ ಆರ್ಸಿ ಬರ್ತೀನಿ ನೋಡ್ರಿ. ಬಾಗಲಾ ಅಂದ್ರ ಹಿತ್ತಲ ಚಿಲಕಾ ಹಾಕ್ತೀನಿ. ನಿಮ್ಮ ದೇವ್ರು ನಮ್ಮ ಮನಿ ಸೈತ ಕಾಯಾಕತ್ತಾನ."

ಇಷ್ಟು ಒಳ್ಳೆಯ ಪ್ರಶಂಸೆ ನನಗೆ ಚರ್ಚಿನಲ್ಲೂ ಸಿಕ್ಕಿರಲಿಲ್ಲ.

ಆದರೆ ಮನೆಯೊಳಗೆ ಬೇರೆಯೇ ನಡೆಯುತ್ತಿತ್ತು. ಕೃಪಾಳ ತಮ್ಮ, ನಾಲ್ಕು ವರ್ಷದ ಸನ್ನಿಗೆ ನನ್ನ ಪ್ರಾರ್ಥನೆ ಹೊಸ ಹೊಸ ಕೆಲಸಗಳ ಸೂಚನೆಯಾಗಿ ಕೇಳಿಸುತ್ತಿತ್ತು. "ಸನ್ನಿ ನೀರಿನ ಟ್ಯಾಂಕಿನ ಏಣಿ ಹತ್ತದಂತೆ" ಎಂದು ನಾನು ಬೇಡಿಕೊಂಡ ಮರುದಿನ ಅವನು ಆ ಏಣಿಯ ಮೇಲಿದ್ದ. ಟ್ಯಾಂಕಿಗೆ ಏಣಿ ಇದೆ ಎಂಬುದೇ ಅವನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಾನೂ ಪ್ರಾರ್ಥನೆ ಮಾಡುತ್ತೇನೆಂದು ಹಟ ಹಿಡಿದು, ನನ್ನ ಹಾಗೆಯೇ ಹುಬ್ಬು ಗಂಟು ಹಾಕಿ, "ತಂದಿಯೇ, ಹುಲಿ ನಮ್ಮ ಬಚ್ಚಲಕ್ಕ ಬರದಂಗ, ಅಪ್ಪಗ ಬಾಲ ಬರದಂಗ" ಎನ್ನುತ್ತಿದ್ದ. ಪ್ರಕಾಶ ಮುಖ ತಿರುಗಿಸಿ ನಗುತ್ತಿದ್ದರು. ನಾನು ಮಾತ್ರ ಒಂದು ಕ್ಷಣ ಅಪ್ಪನ ಬಾಲದ ಬಗ್ಗೆಯೂ ಯೋಚಿಸಿದ್ದುಂಟು.

ಕೃಪಾ ನಗುತ್ತಿರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು. ಮೊದಮೊದಲು ನಾನು ಅದನ್ನು ಭಕ್ತಿ ಎಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟೆ. ಆಮೇಲೆ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಾನು ಆಮೆನ್ ಅಂದು ಅವಳ ಚೀಲ ಹೆಗಲಿಗೆ ಏರಿಸಿದರೆ ಅವಳು ಕಾಲು ಕಿತ್ತಿಡಲಿಲ್ಲ.

"ಅಮ್ಮಾ, ಕರೆಂಟ್ ತಂತಿ ಹೇಳ್ಲಿಲ್ಲ."

"ನಿನ್ನೆ ಸಂಜಿಗೆ ಹೇಳೀನಲ್ಲಬೇ."

"ಅದು ನಿನ್ನೀದು."

ಹೊರಗೆ ವ್ಯಾನಿನವನು ಹಾರ್ನ್ ಬಾರಿಸುತ್ತಿದ್ದ. ನಾನು ಮತ್ತೆ ಕಣ್ಣು ಮುಚ್ಚಿ ಕರೆಂಟಿನ ತಂತಿ ಸೇರಿಸಿದೆ. ಅವಳು ಹೋದಳು. ಮರುದಿನ ಸ್ಟೂಲು ಬಿಟ್ಟುಹೋಗಿತ್ತು. ಶಾಲೆಗೆ ಹೋಗುವವಳಿಗೆ ಸ್ಟೂಲು ಯಾಕೆ? "ನೀ ಮನ್ಯಾಗ ಹತ್ತೀದಿ ಅಂದ್ರ?" ಹೀಗೆ ಹೊಸ್ತಿಲಿನ ಪ್ರಾರ್ಥನೆ ಉದ್ದವಾಗುತ್ತ ಹೋಯಿತು, ವ್ಯಾನು ತಪ್ಪತೊಡಗಿತು. ವ್ಯಾನು ತಪ್ಪಿದ ದಿನ ಪ್ರಕಾಶ ಅವಳನ್ನು ಸ್ಕೂಟರಿನಲ್ಲಿ ಬಿಡಬೇಕು; ಸ್ಕೂಟರಿಗೆ ಬೇರೆ ಪ್ರಾರ್ಥನೆ. ಬರಬರುತ್ತ ಅವಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಲಿಲ್ಲ. ಶಾಲೆಯಿಂದ ಕೋಟೆ ಗುಡ್ಡ ತೋರಿಸಲು ಕರೆದೊಯ್ದರೆ ಅದಕ್ಕೂ ಹೋಗಲಿಲ್ಲ. ಭಾನುವಾರ ಚರ್ಚಿನ ಅಂಗಳದಲ್ಲಿ ಮಕ್ಕಳೆಲ್ಲ ಕುಂಟೆಬಿಲ್ಲೆ ಆಡುತ್ತಿದ್ದರೆ ಇವಳು ನನ್ನ ಸೆರಗಿನ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು.

ನಾನು ಹೆದರುವವಳು, ಸರಿ. ನನಗದು ಮೂಗು, ಕಿವಿಯ ಹಾಗೆ, ಅದರೊಂದಿಗೇ ಬಾಳಿದ್ದೇನೆ. ಆದರೆ ಅದನ್ನು ಅವ್ವ ನನಗೆ ಕೊಟ್ಟ ಹಾಗೆ ನಾನು ಇವಳಿಗೆ ಕೊಟ್ಟೆನೇ? ಇವಳು ಜೀವನವಿಡೀ ಹೀಗೆ ಹೊಸ್ತಿಲಲ್ಲೇ ನಿಂತಿರುತ್ತಾಳೆಯೇ? ಈ ಚಿಂತೆಗೆ ನನ್ನ ಹತ್ತಿರ ಇದ್ದ ಮದ್ದು ಒಂದೇ. ಅದನ್ನೂ ಪ್ರಾರ್ಥನೆಗೆ ಸೇರಿಸಿದೆ. "ತಂದೆಯೇ, ಕೃಪಾ ಹೆದರದಂತೆ" ಎಂದು ಅವಳ ಮುಂದೆಯೇ, ಗಟ್ಟಿಯಾಗಿ. ನೀವು ಈಗ ಹಣೆ ಚಚ್ಚಿಕೊಂಡಿದ್ದರೆ ನನಗೆ ಬೇಸರವಿಲ್ಲ. ಪ್ರಕಾಶರೂ ಅವತ್ತು ಅದನ್ನೇ ಮಾಡಿದರು.

ಆ ವರ್ಷ ದಸರೆಯ ರಜೆಯಲ್ಲಿ ನಮಗೆ, ಅಂದರೆ ಪ್ರೈಮರಿ ಶಾಲೆಯ ಟೀಚರುಗಳಿಗೆ, ಕುರುಗೋಡಿನಲ್ಲಿ ಒಂದು ವಾರದ ತರಬೇತಿ ಹಾಕಿದರು. ನನ್ನ ಶಾಲೆಯೂ ಕುರುಗೋಡಿನಲ್ಲೇ; ದಿನಾ ಬಳ್ಳಾರಿಯಿಂದ ಬಸ್ಸಿನಲ್ಲಿ ಹೋಗಿ ಬರುವವಳು. ರಜೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಾರು? "ಅವ್ವನ ಕಡಿ ಬಿಟ್ಟು ಬರ್ತೀನಿ" ಎಂದರು ಪ್ರಕಾಶ. ಅವ್ವ ಎಂದರೆ ಸಿರುಗುಪ್ಪದ ರಾಹೇಲಮ್ಮ. ಸಿರುಗುಪ್ಪ ಎಂದರೆ ಕಾಲುವೆ. ದಸರೆ ಎಂದರೆ ಕಾಲುವೆಯ ತುಂಬ ನೀರು. ನನ್ನ ಹೊಟ್ಟೆ ಅಲ್ಲಿಯೇ ತಿರುಚಲು ಶುರುಮಾಡಿತು. ಕೃಪಾ ಓಡಿ ಹೋಗಿ ಓಮದ ಡಬ್ಬಿ ತಂದಳು. ನನ್ನ ಮುಖ ಬಿಗಿದುಕೊಂಡರೆ ಸಾಕು, ಓಮ ಮತ್ತು ಬಿಸಿನೀರು ತರುವುದು ಅವಳಿಗೆ ರೂಢಿಯಾಗಿತ್ತು.

ಹೊರಡುವ ದಿನ ನಾನೂ ಬಸ್ ಸ್ಟ್ಯಾಂಡಿಗೆ ಬಂದೆ, ಈಗ ಕೂತಿರುವ ಇದೇ ಬಸ್ ಸ್ಟ್ಯಾಂಡಿಗೆ. ಪ್ರಕಾಶ ಸನ್ನಿಯನ್ನು ಎತ್ತಿಕೊಂಡು ಹತ್ತಿ ಸೀಟು ಹಿಡಿದರು. ಕೃಪಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಿಂದಿರುಗಿ ನೋಡಿದಳು. "ಅಮ್ಮಾ, ಹೇಳು." ನಾನೂ ಮೆಟ್ಟಿಲು ಹತ್ತಿ, ಡ್ರೈವರ್ ಸೀಟಿನ ಹಿಂದೆಯೇ ನಿಂತು, ಅವಳ ತಲೆಯ ಮೇಲೆ ಕೈ ಇಟ್ಟು ಶುರು ಮಾಡಿದೆ. ಟೈರು, ಬ್ರೇಕು, ಎದುರು ಬರುವ ಭತ್ತದ ಲಾರಿಗಳು. ಕಣ್ಣು ಮುಚ್ಚಿದ್ದರಿಂದ ಡ್ರೈವರು ಬಂದು ಕೂತದ್ದು ನನಗೆ ಕಾಣಲಿಲ್ಲ. "...ಡ್ರೈವರಣ್ಣನಿಗೆ ನಿದ್ದೆ ಬಾರದಂತೆ, ಅವರು ಕುಡಿದಿರದಂತೆ..."

"ಅಕ್ಕಾರೇ!"

ಕಣ್ಣು ಬಿಟ್ಟೆ. ದಪ್ಪ ಮೀಸೆಯ ಮನುಷ್ಯ ಸೀಟಿನಲ್ಲಿ ಪೂರ್ತಿ ತಿರುಗಿ ಕೂತಿದ್ದ.

"ಮುಂಜಾನಿ ಯಾರು ಕುಡೀತಾರ್ರೀ ಅಕ್ಕಾರ? ಬೇಕಾದ್ರ ಬಾಯಿ ವಾಸನಿ ನೋಡ್ರಿ, ಬರೇ ಚಾ ಕುಡ್ದೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರು ಹಿಂದಿನಿಂದ ಕೂಗಿದ: "ಮುಗಿಸಾಕ ಬಿಡಲೇ, ಮಧ್ಯದಾಗ ನಿಲ್ಲಿಸಿದ್ರ ಅರ್ಧಾ ದಾರ್‍ಯಾಗ ಕೆಡ್ತೈತಿ ಗಾಡಿ!" ಪ್ರಕಾಶ ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದುದನ್ನು ನೋಡುತ್ತಿದ್ದರು, ನನ್ನ ಪರಿಚಯವೇ ಇಲ್ಲದವರ ಹಾಗೆ. ನಾನು ಹೇಗೋ ಆಮೆನ್ ಎಂದು ಕೆಳಗಿಳಿದೆ. ಡ್ರೈವರು ಗೇರ್ ಹಾಕುತ್ತ ತಲೆ ಹೊರಗೆ ಹಾಕಿ, "ಅಕ್ಕಾರ, ನಮ್ಮ ಮನ್ಯಾಕಿ ಸೈತ ನನ್ನ ಮ್ಯಾಲ ಇಷ್ಟು ಕಾಳಜಿ ಮಾಡಂಗಿಲ್ಲ ನೋಡ್ರಿ" ಎಂದ. ಬಸ್ಸು ಹೋಯಿತು. ಕೃಪಾಳ ಮುಖ ಹಿಂದಿನ ಗಾಜಿನಲ್ಲಿ ಕಂಡಿತು. ಅವಳು ನಗುತ್ತಿರಲಿಲ್ಲ, ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದಳು. ಆಗ ನನಗದು ಅರ್ಥವಾಗಲಿಲ್ಲ.

ರಾಹೇಲಮ್ಮನ ಬಗ್ಗೆ ಒಂದೆರಡು ಮಾತು. ನನ್ನ ಅತ್ತೆ ಪ್ರಾರ್ಥನೆ ಮಾಡಿದರೆ ಕಣ್ಣು ಮುಚ್ಚಲೂ ಹೊತ್ತು ಸಾಲುತ್ತಿರಲಿಲ್ಲ. "ತಂದೀ, ಎಲ್ರೂ ನಿನ್ನವ್ರು, ನೋಡ್ಕೋ. ಸಾರು ಆರಾಕತ್ತೈತಿ. ಆಮೆನ್." ಇದನ್ನು ನೀವು ದೊಡ್ಡ ವಿಶ್ವಾಸವೆಂದುಕೊಂಡರೆ ನಿಮ್ಮಿಷ್ಟ. ನನಗೆ ಗೊತ್ತಿರುವಂತೆ ಅದರಲ್ಲಿ ಅರ್ಧ ಹಸಿವು. ಅವರಿಗೂ ತಮ್ಮವೇ ಹೆದರಿಕೆಗಳಿದ್ದವು. ಬಳ್ಳಾರಿಗೆ ಬಂದರೆ ಸರ್ಕಲ್ ದಾಟುವಾಗ ನನ್ನ ಕೈಯನ್ನು ಹಿಂಡಿ ನೀಲಿ ಮಾಡುತ್ತಿದ್ದರು, ಅರ್ಧ ದಾರಿಯಲ್ಲಿ "ದೇವುಡಾ ದೇವುಡಾ" ಎಂದು ತೆಲುಗಿಗೆ ಇಳಿಯುತ್ತಿದ್ದರು. ನನ್ನನ್ನು ಮಾತ್ರ "ನಮ್ಮ ಭಯಮ್ಮ" ಎಂದೇ ಕರೆಯುತ್ತಿದ್ದರು. ಬೀದಿಯಲ್ಲಿ ಯಾರಾದರೂ ನಿಮ್ಮ ಸೊಸೆಯ ಹೆಸರೇನು ಎಂದರೆ ಅದನ್ನೇ ಹೇಳುತ್ತಿದ್ದರು.

ತರಬೇತಿಯಲ್ಲಿ ನನಗೆ ಏನು ಕಲಿಸಿದರೋ ಒಂದಕ್ಷರ ನೆನಪಿಲ್ಲ. ಮಗುವಿನ ಮನಸ್ಸು ಖಾಲಿ ಪಾತ್ರೆಯಲ್ಲ ಎಂದೇನೋ ಹೇಳುತ್ತಿದ್ದರು. ನಾನು ಡೆಸ್ಕಿನ ಕೆಳಗೆ ಫೋನ್ ಹಿಡಿದು ರಾಹೇಲಮ್ಮನಿಗೆ ಕರೆ ಮಾಡುತ್ತಿದ್ದೆ. ಮೊದಲ ದಿನ ಎತ್ತಿದರು, ಎರಡನೇ ದಿನ ಬೈಯುತ್ತಲೇ ಎತ್ತಿದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಪ್ರಕಾಶ ಮಕ್ಕಳನ್ನು ಬಿಟ್ಟು ಬಳ್ಳಾರಿಗೆ ಮರಳಿದ್ದರು. "ಅವ್ವ ಫೋನ್ ಸೈಲೆಂಟ್ ಇಟ್ಟಿರ್ತಾಳ" ಎನ್ನುವುದು ಅವರ ಸಮಾಧಾನ. ನನಗೆ ಕಾಣುತ್ತಿದ್ದದ್ದು ಕಾಲುವೆ ಮಾತ್ರ. ಹಸಿರು ನೀರು, ಪಾಚಿ ಹಿಡಿದ ಮೆಟ್ಟಿಲು, ಅದರ ಮೇಲೆ ಸಣ್ಣ ಸಣ್ಣ ಚಪ್ಪಲಿ. ಒಂದು ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬುತ್ತಿ ಬಿಚ್ಚಲಿಲ್ಲ. ಹೊಟ್ಟೆ ನೋವೆಂದು ಹೇಳಿ, ಅದೇನೂ ಸುಳ್ಳಾಗಿರಲಿಲ್ಲ, ಕುರುಗೋಡಿನ ಸ್ಟ್ಯಾಂಡಿನಲ್ಲಿ ಸಿಕ್ಕ ಬಸ್ಸು ಹತ್ತಿದೆ. ದಾರಿಯ ಎರಡೂ ಕಡೆ ಭತ್ತದ ಗದ್ದೆ, ಅದರ ನಡುವೆ ಹೊಳೆಯುವ ನೀರು. ಎಲ್ಲರಿಗೂ ಅದು ಚೆಂದ ಕಾಣುತ್ತಿದ್ದಿರಬೇಕು.

ರಾಹೇಲಮ್ಮನ ಮನೆಗೆ ಬೀಗ. ಎದುರು ಮನೆಯಾಕೆ ಕಸಬರಿಗೆ ನಿಲ್ಲಿಸಿ, "ಅರಿಬಿ ಒಗ್ಯಾಕ ಕಾಲುವಿಗೆ ಹೋಗ್ಯಾರ್ರೀ, ಮೊಮ್ಮಕ್ಳನ್ನೂ ಕರ್ಕೊಂಡು" ಎಂದಳು. ನಾನು ಓಡಿದೆನೋ ನಡೆದೆನೋ ಗೊತ್ತಿಲ್ಲ. ಮಿಲ್ಲಿನ ಓಣಿಯ ಆ ಬೆಂದ ಭತ್ತದ ವಾಸನೆ ಮಾತ್ರ ಮೂಗಿನೊಳಗೆ ಸೇರಿ ಇಲ್ಲಿಯವರೆಗೂ ಉಳಿದಿದೆ.

ದಂಡೆಯ ಮೇಲಿನಿಂದ ಮೊದಲು ಕಂಡದ್ದು ಸನ್ನಿ. ಒಗೆದ ಬಟ್ಟೆಯ ಬುಟ್ಟಿಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದ, ಆ ಬುಟ್ಟಿ ಬೇವಿನ ಮರದ ಬುಡದಲ್ಲಿ, ನೀರಿನಿಂದ ದೂರ. ಕೆಳಗಿನ ಮೆಟ್ಟಿಲಲ್ಲಿ ರಾಹೇಲಮ್ಮ ಸೀರೆ ಎತ್ತಿ ಕಟ್ಟಿ ಬಟ್ಟೆ ಕುಕ್ಕುತ್ತಿದ್ದರು. ಅವರ ಪಕ್ಕ, ಮೊಣಕಾಲು ಮುಳುಗುವ ನೀರಿನಲ್ಲಿ, ನನ್ನ ಕೃಪಾ. ಅವಳ ಸೊಂಟಕ್ಕೆ ಒಂದು ಹಳೆಯ ಸೀರೆಯ ತುದಿ ಸುತ್ತಿ ಗಂಟು ಹಾಕಿತ್ತು. ಇನ್ನೊಂದು ತುದಿ ದಂಡೆಯ ಕಲ್ಲಿನ ಕಂಬಕ್ಕೆ, ಮೇಕೆ ಕಟ್ಟಿದ ಹಾಗೆ. ಅವಳು ಎರಡೂ ಕೈಯಿಂದ ನೀರು ಎರಚಿ ಅಜ್ಜಿಯನ್ನು ತೋಯಿಸಿ ಗಹಗಹಿಸಿ ನಗುತ್ತಿದ್ದಳು. ಆ ನಗು ನನಗೆ ಪರಿಚಯವಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಗುವವಳು.

"ಲೇ, ಸಾಕು ಬಿಡಲೇ, ನನ್ನ ರವಿಕಿ ಎಲ್ಲಾ ತೋಯ್ಸಿದೆಲ್ಲ!"

"ಇನ್ನೊಂದ್ಸಲ ಅಜ್ಜೀ, ಇನ್ನೊಂದ್ಸಲ!"

ಅಷ್ಟರಲ್ಲಿ ಕೃಪಾ ತಲೆ ಎತ್ತಿ ನನ್ನನ್ನು ನೋಡಿದಳು. ಕೈಗಳು ತಾವಾಗಿ ಕೆಳಗಿಳಿದವು. ನಗು ಎಲ್ಲಿ ಹೋಯಿತೋ! ಮೆಟ್ಟಿಲು ಹತ್ತಿ, ಸೊಂಟದ ಸೀರೆ ಎಳೆಯುವವರೆಗೆ ನನ್ನ ಹತ್ತಿರ ಬಂದು ನಿಂತು ಕೇಳಿದಳು:

"ಅಮ್ಮಾ, ಇವತ್ತ ಕಾಲುವಿ ಹೇಳಿಯೇನು?"

ರಾಹೇಲಮ್ಮ ಬಟ್ಟೆ ಬಿಟ್ಟು ಸೊಂಟ ನೆಟ್ಟಗೆ ಮಾಡಿ ನಿಂತರು. "ಬಂದ್ಲು ನೋಡು ಭಯಮ್ಮ. ಇಲ್ಲೀಮಟ ಇದು ಮೀನಾಗಿತ್ತು. ನಿನ್ನ ನೋಡಿದ ಕೂಡ್ಲೆ ಮುದುಕಿ ಆತು."

ನಾನು ಮೊಣಕಾಲೂರಿ ಕೂತು ಕೃಪಾಳ ಒದ್ದೆ ತೋಳು ಹಿಡಿದೆ. "ನಿಂಗ ನೀರು ಅಂದ್ರ ಹೆದ್ರಿಕಿ ಇಲ್ಲೇನು?"

"ಇಲ್ಲ."

"ಕರೆಂಟ್ ತಂತಿ?"

"ಅಪ್ಪನ ಜೋಡಿಸ್ಯಾನಲ್ಲ ಅದನ್ನ." ನಾನು ಎಂಥ ದಡ್ಡಿ ಎಂಬ ಹಾಗೆ ನೋಡಿದಳು.

"ಮತ್ತ ದಿನಾ ಬಾಗಲದಾಗ ನಿಂತು ಅದು ಹೇಳ್ಲಿಲ್ಲ, ಇದು ಹೇಳ್ಲಿಲ್ಲ ಅಂತೀಯಲ್ಲಬೇ?"

ಅವಳು ಸೊಂಟದ ಗಂಟಿನ ಜೊತೆ ಬೆರಳಾಡಿಸಿದಳು. "ನೀ ಒಂದು ಬಿಟ್ರ ಆಮ್ಯಾಲ ಸಾಲಿಗೆ ಫೋನ್ ಮಾಡ್ತಿ. ಊಟ ಬಿಡ್ತಿ. ನಾ ಮನಿಗೆ ಬರೋದ್ರಾಗ ಮಕ್ಕೊಂಡಿರ್ತಿ. ನಿನ್ನ ಹೊಟ್ಟಿ ನೂಸ್ತೈತಿ." ಗಂಟನ್ನು ಇನ್ನಷ್ಟು ಬಿಗಿದು, "ಎಲ್ಲಾ ಹೇಳಿದ್ರ ನೂಸಂಗಿಲ್ಲ" ಎಂದಳು.

ಇಷ್ಟು ದಿನ ಹೊಸ್ತಿಲಲ್ಲಿ ನನ್ನ ಮಗಳು ತನಗಾಗಿ ಕಾಯುತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ಹೋಗದೆ, ಕೋಟೆ ಗುಡ್ಡ ಹತ್ತದೆ, ಚರ್ಚಿನ ಅಂಗಳದಲ್ಲಿ ಆಡದೆ ಅವಳು ನನ್ನ ಹೊಟ್ಟೆ ಕಾಯುತ್ತಿದ್ದಳು. ಬೇಡಿಕೊಳ್ಳುತ್ತಿದ್ದವಳು ನಾನು, ನನ್ನನ್ನು ಕಾಯುತ್ತಿದ್ದವಳು ಏಳು ವರ್ಷದವಳು. ಅದರಲ್ಲೂ ನಾನು ಹೆಮ್ಮೆಪಡುತ್ತಿದ್ದೆನಲ್ಲ, ಎಂಥ ಭಕ್ತಿಯ ಹುಡುಗಿ ಎಂದು!

ರಾಹೇಲಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬಗ್ಗಿ ಒಂದು ಒದ್ದೆ ಅಂಗಿ ಹಿಂಡಿ ನನ್ನ ಹೆಗಲ ಮೇಲೆ ಎಸೆದು, "ಹಿಡಿ, ಬಂದಿ ಅಂದ ಮ್ಯಾಲ ಒಣಗ್ಹಾಕು" ಎಂದರು. ಕೃಪಾಳ ಬೆನ್ನಿಗೆ ಮೆಲ್ಲಗೆ ತಟ್ಟಿ, "ಹೋಗಲೇ, ನಿಮ್ಮವ್ವ ಬಟ್ಟಿ ಒಣಗಿಸ್ತಾಳ. ನೀ ನೀರಾಗ ಇಳಿ" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ ಅದು: ಬೇವಿನ ಕೊಂಬೆಗೆ ಅಂಗಿ ಹರವುತ್ತ, ನೀರಿನ ಕಡೆ ಬೆನ್ನು ಮಾಡಿ, "ಹೋಗು" ಎಂದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನೀರು ಚಿಮ್ಮಿದ ಸದ್ದು ಬಂತು. ಆಮೇಲೆ ನಗು. ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅದರ ಒಂದು ಗುಂಡಿ ಕಿತ್ತು ಕೈಗೆ ಬಂತು. ಸನ್ನಿ ನುಂಗಿಯಾನೆಂದು ಅದನ್ನು ಬ್ಲೌಸಿನೊಳಗೆ ಸೇರಿಸಿದೆ.

ಊಟಕ್ಕೆ ಕೂತಾಗ ಅತ್ತೆಯ ತೀರ್ಪು ಬಂತು. "ನೋಡಬೇ, ಮಕ್ಕಳ ಮುಂದ ಮೂರೇ ಮಾತು. ಕಾಪಾಡು, ಸ್ತೋತ್ರ, ಆಮೆನ್. ಉಳಿದದ್ದು ನಿನ್ನ ಹೊಟ್ಯಾಗ ನಿಂದರಂಗಿಲ್ಲ, ನಂಗೊತ್ತೈತಿ. ಬಚ್ಚಲಕ್ಕ ಹೋಗಿ ನಳ ಬಿಟ್ಕೊಂಡು ಹೇಳ್ಕೋ. ದೇವರು ಬಚ್ಚಲದಾಗೂ ಅದಾನ."

ನೀವು ನಂಬಿ, ಬಿಡಿ, ನಾನು ಅಂದಿನಿಂದ ಅದನ್ನೇ ಮಾಡಿದೆ. ಹೊಸ್ತಿಲಲ್ಲಿ ಮೂರು ಮಾತು. ನಾಲಿಗೆಯ ತುದಿಗೆ ಬಂದ ಲಾರಿ, ವ್ಯಾನು, ತಂತಿಗಳನ್ನೆಲ್ಲ ಬಾಯಿಯಲ್ಲಿ ತುಂಬಿಕೊಂಡು, ಮಕ್ಕಳು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿ, ಬಚ್ಚಲಿಗೆ ಓಡಿ, ನಳ ತಿರುಗಿಸಿ ಎಲ್ಲವನ್ನೂ ಬಕೆಟ್ಟಿನ ಮುಂದೆ ಸುರಿಯುತ್ತಿದ್ದೆ. ಬಳ್ಳಾರಿಯಲ್ಲಿ ನಳಕ್ಕೆ ನೀರು ಬರುವುದೇ ಅಪರೂಪ. ನೀರು ಬಾರದ ದಿನ ಬರೀ ಗಾಳಿಯ ಸುಂಯ್ ಸದ್ದಿನಲ್ಲಿ ಪಿಸುಗುಟ್ಟಿದ್ದೂ ಉಂಟು. ಹೊಟ್ಟೆ ನೋವು ಹೋಗಲಿಲ್ಲ. ಆದರೆ ನೋವು ಬಂದಾಗ ನಗುತ್ತಾ ಓಡಾಡುವುದನ್ನು ಕಲಿತೆ. ಕೃಪಾ ಮೊದಲ ಕೆಲವು ವಾರ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಿದ್ದಳು. ಒಂದು ದಿನ ನೋಡಲು ಮರೆತು ವ್ಯಾನಿನ ಕಡೆ ಓಡಿಬಿಟ್ಟಳು. ಆ ದಿನ ನಾನು ಬಚ್ಚಲಲ್ಲಿ ಪ್ರಾರ್ಥನೆ ಮಾಡಲಿಲ್ಲ, ಸುಮ್ಮನೆ ಅತ್ತುಬಿಟ್ಟೆ.

ನಷ್ಟವಾದದ್ದು ಅನಸೂಯಮ್ಮನಿಗೆ. ಒಂದು ಸಂಜೆ ಕಿಟಕಿಯಿಂದ ಇಣುಕಿ ಬಹಳ ಬೇಸರದಿಂದ ಕೇಳಿದರು: "ಟೀಚರ್, ಯಾಕ ಇತ್ತಿತ್ತಲಾಗಿ ಪ್ರಾರ್ಥನ್ಯಾಗ ಗ್ಯಾಸ್ ಬರವಲ್ದು? ಮೊನ್ನಿ ಮರ್ತು ಹಂಗೇ ಮಲಗಿಬಿಟ್ಟಿದ್ನಿ ನೋಡ್ರಿ." ಆಮೇಲೆ ನಾನೇ ದಿನಾ ಮಲಗುವ ಮುಂಚೆ ಕಿಟಕಿಗೆ ಹೋಗಿ "ಅನಸೂಯಮ್ಮಾ, ಗ್ಯಾಸ್!" ಎಂದು ಕೂಗುತ್ತಿದ್ದೆ. ಈಗಲೂ ಕೂಗುತ್ತೇನೆ.

ಇವತ್ತು ಬೆಳಿಗ್ಗೆ ಬಸ್ಸಿನ ಕಿಟಕಿಯ ಕೆಳಗೆ ನಿಂತು ನಾನು ಮೂರೇ ಮಾತು ಹೇಳಿದೆ. ಕಾಪಾಡು, ಸ್ತೋತ್ರ, ಆಮೆನ್. ಬಾಯಿ ಮುಚ್ಚಿಕೊಂಡೆ. ಬಸ್ಸು ಕದಲಿದಾಗ ಕೃಪಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ತಲೆ ಹೊರಗೆ ಹಾಕಬಾರದೆಂದು ಗೊತ್ತಿದ್ದೂ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು: "ಅಮ್ಮಾ, ಕರೆಂಟ್ ತಂತಿ ಹೇಳ್ಲಿಲ್ಲ!" ಆಮೇಲೆ ಆ ಕಾಲುವೆಯ ನಗು. ಬಾಯಿಗೆ ಕೈ ಅಡ್ಡ ಇಲ್ಲ. ಬಸ್ಸು ತಿರುವಿನಲ್ಲಿ ಹೋಯಿತು, ನಾನು ಇಲ್ಲಿ ಬಂದು ಕೂತೆ.

ಗೋಣಿಚೀಲದವರು ಯಾವಾಗಲೋ ಎದ್ದು ಹೋಗಿದ್ದಾರೆ. ಅವರ ವಾಸನೆ ಇನ್ನೂ ಸ್ವಲ್ಪ ಉಳಿದಿದೆ. ನಿಮ್ಮ ಜೊತೆ ಮಾತಾಡುತ್ತ ಎಷ್ಟು ಹೊತ್ತಾಯಿತೋ ನೋಡಲಿಲ್ಲ. ಅದೇ ಆಶ್ಚರ್ಯ, ಗಡಿಯಾರ ನೋಡದೆ ಕೂತವಳಲ್ಲ ನಾನು. ಫೋನ್ ಟಣ್ ಎಂದಿತು. ಕೂಡಲೇ ತೆರೆದೆ.

"ಮುಟ್ಟೀನಿ. ಅಜ್ಜಿ ಸಾರು ಆರಾಕತ್ತೈತಿ ಅಂತ ಕರ್‍ಯಾಕತ್ತಾಳ. ನಿನ್ನ ಹೊಟ್ಟಿ ಹೆಂಗೈತಿ?"

ಒಂಬತ್ತು ವರ್ಷವಾದರೂ ಹುಡುಗಿ ಪೂರ್ತಿ ಮರೆತಿಲ್ಲ. ಮರೆಯಲಿ ಎಂದು ನಾನು ಬಚ್ಚಲಲ್ಲಿ ಬೇಡಿದ್ದೆ. ಇವತ್ತು ಮರೆಯದಿದ್ದದ್ದಕ್ಕೆ ಆ ಮೆಸೇಜನ್ನು ಇನ್ನೊಮ್ಮೆ ಓದಿದೆ. "ಆರಾಮೈತಿ" ಎಂದು ಬರೆಯಹೊರಟೆ. ಅದು ನಾನು ಯಾವಾಗಲೂ ಹೇಳುವ ಸುಳ್ಳು, ಅವಳಿಗೂ ಗೊತ್ತು. ಏನು ಬರೆಯಲೆಂದು ತಟ್ಟೆಯ ಕಡೆ ನೋಡಿದೆ.

ತಟ್ಟೆ ಖಾಲಿ.

ಒಂದು ಮಂಡಕ್ಕಿಯೂ ಉಳಿದಿಲ್ಲ. ಮಿರ್ಚಿಯ ತೊಟ್ಟುಗಳು ಮಾತ್ರ ಅಂಚಿಗೆ ಒತ್ತಿಕೊಂಡು ಬಿದ್ದಿವೆ. ಮಗಳು ದಾರಿಯಲ್ಲಿರುವಾಗ, ಬಸ್ಸು ಊರು ಮುಟ್ಟುವ ಮುಂಚೆ, ನಾನು ತಿಂದಿದ್ದೇನೆ; ತಿಂದದ್ದು ನನಗೇ ತಿಳಿದಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದೆ. ಸುಮ್ಮನಿತ್ತು.

"ಒಗ್ಗರಣಿ ತಿಂದೀನಿ, ಮಿರ್ಚಿ ಸೈತ" ಎಂದು ಬರೆದೆ. ಕಳಿಸಿದ ಮೇಲೆ, ಎಣ್ಣೆ ಹಳೆಯದಿತ್ತೇನೋ ಎಂದು ಸ್ವಲ್ಪ ಹೆದರಿದೆ. ಆದರೆ ಅದನ್ನು ಅವಳಿಗೆ ಬರೆಯಲಿಲ್ಲ.